ಮೂರನೆಯ ಯಂತ್ರದ ಪರೀಕ್ಷಕಿ

ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬಂದದ್ದು ಮೊನ್ನೆ ಒಂದು ಬೆಳಿಗ್ಗೆ. ಮಲಾಡಿನ ನಮ್ಮ ಬಿಲ್ಡಿಂಗಿನ ಹೊರಗೋಡೆಗೆ ರಿಪೇರಿ ನಡೆಯುತ್ತಿದೆ. ಬಿದಿರಿನ ಅಟ್ಟಣೆ ಕಟ್ಟಿ, ಹಸಿರು ಬಲೆ ಇಳಿಬಿಟ್ಟು, ಸೊಸೈಟಿಯವರು ನನ್ನ ಮೂರನೆಯ ಮಹಡಿಯ ಬೆಳಕನ್ನೆಲ್ಲ ಕಿತ್ತುಕೊಂಡಿದ್ದಾರೆ. ಗೊಣಗುತ್ತ ಚಹಾದ ಲೋಟ ಹಿಡಿದು ನಿಂತಿದ್ದೆ. ಬಲೆಯ ಆಚೆ ಮೂವರು ಹೆಂಗಸರು ಅಟ್ಟಣೆಯ ಒಂದೊಂದು ಹಂತದಲ್ಲಿ ನಿಂತು, ಗಾರೆ ತುಂಬಿದ ಕಬ್ಬಿಣದ ಬಾಣಲೆಯನ್ನು, ಈ ಊರಿನ ಮಾತಿನಲ್ಲಿ ಘಮೇಲಾವನ್ನು, ಕೆಳಗಿನಿಂದ ಮೇಲಕ್ಕೆ ದಾಟಿಸುತ್ತಿದ್ದರು. ಅವರದು ಕಲಬುರ್ಗಿಯ ಕಡೆಯ ಮಾತು. ಒದ್ದೆ ಮರಳಿನ, ಸುಣ್ಣದ, ಸಿಮೆಂಟಿನ ಆ ತಣ್ಣನೆಯ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ಜೋಗೇಶ್ವರಿಯ ನಮ್ಮ ಹಳೆಯ ಕಂಪನಿಯ ಪರೀಕ್ಷಕಿ ನೆನಪಾದಳು... ಲೋಟದ ಚಹಾ ಅಲ್ಲಿಯೇ ಆರಿತು.

ಆಕೆಯ ವಿಷಯ ಬರೆಯಬೇಕೆಂದು ನಿರ್ಧರಿಸಿದ್ದಕ್ಕೆ ವಾಸನೆಯೊಂದೇ ಕಾರಣವಲ್ಲ. ಆಕೆಯ ಬಗ್ಗೆ ಈಗ ಚಲಾವಣೆಯಲ್ಲಿರುವ ಕಥೆ ಸುಳ್ಳು. ಈ ವರ್ಷದ ಆರಂಭದಲ್ಲಿ ನಮ್ಮ ಹಳೆಯ ಕಂಪನಿಯವರು ಒಂದು ಹೋಟೆಲಿನಲ್ಲಿ ಊಟಕ್ಕೆ ಸೇರಿದ್ದರು. ಕಂಪನಿ ಮುಚ್ಚಿ ಆರೇಳು ವರ್ಷಗಳಾಗಿವೆ. ಮಾಲೀಕನಿಗೆ ಮಾತ್ರ ಮಾಲೀಕತನದ ಗತ್ತು ಹೋಗಿಲ್ಲ. ಆತ ಎಲ್ಲರೆದುರು ಕಥೆ ಹೇಳಿದ. ನಮ್ಮಲ್ಲಿ ಒಬ್ಬಳು ತಾಈ, ಎಂದರೆ ಅಕ್ಕ, ಇದ್ದಳು, ಇಲ್ಲದ ದೋಷವನ್ನು ಹುಟ್ಟಿಸಿ ಪರೇಲಿನ ಆಸ್ಪತ್ರೆಯ ಕೆಲಸವನ್ನೇ ಕೈತಪ್ಪಿಸುವವಳಿದ್ದಳು, ಆಗ ಅಂಕಲ್ ಕಾಪಾಡಿದರು ಎಂದು ನನ್ನ ಭುಜ ತಟ್ಟಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಆ ಕ್ಷಣದಲ್ಲಿ ಎದ್ದು ನಿಂತು ಅದು ಸುಳ್ಳೆನ್ನಲು ನನ್ನ ಬಳಿ ಪುರಾವೆಯೂ ಇರಲಿಲ್ಲ. ನಾನೇ ಸಾಕ್ಷಿಯಾಗಿದ್ದ ಘಟನೆಯ ಬಗ್ಗೆ ಎರಡನೆಯವರ ಕಥೆಯನ್ನು ಬಾಯಿ ಮುಚ್ಚಿ ಕೇಳಬೇಕಾಗಿ ಬಂದದ್ದು ನನಗೆ ಸಹಿಸಲಾಗದ ಸಂಗತಿ. ಹಾಗಾಗಿ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಉಡುಪಿಯ ಕಡೆಯಿಂದ ಬಂದು ಪರೇಲಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದುಡಿದೆ. ಮಿಲ್ಲುಗಳು ಮುಚ್ಚಿ ಗಿರಾಕಿಗಳು ಕರಗಿದಾಗ ಫುಟ್‌ಪಾತಿನಲ್ಲಿ ಸಿಗುತ್ತಿದ್ದ ಹಳೆಯ ಪುಸ್ತಕಗಳಿಂದ ಮೊದಲು ರೇಡಿಯೋ, ಆಮೇಲೆ ಕಂಪ್ಯೂಟರು ಕಲಿತೆ. ಅವುಗಳಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕವಿತ್ತು. ಯಂತ್ರದ ಒಳಗಿನ ವ್ಯವಸ್ಥೆಯನ್ನು ಅಡಿಪಾಯದಿಂದ ವಿವರಿಸುವ ಪುಸ್ತಕ. ಒಂದೊಂದು ಪುಟಕ್ಕೆ ಒಂದೊಂದು ವಾರ ಹಿಡಿಯಿತು. ಡಾಕ್ಟರ ಮಾತು, ಪುರೋಹಿತರ ಮಾತು, ಪತ್ರಿಕೆಯ ಮಾತು, ಯಾವುದನ್ನೂ ನಾನು ತಿರುಗಿಸಿ ನೋಡದೆ ಒಪ್ಪಿದವನಲ್ಲ. ಆ ಪುಸ್ತಕವನ್ನು ಮಾತ್ರ ಒಪ್ಪಿದೆ. ಅದು ನನ್ನ ಡಿಗ್ರಿಯಾಗಿತ್ತು.

ಜೋಗೇಶ್ವರಿಯಲ್ಲಿ ಸಣ್ಣ ಕಾರ್ಖಾನೆಗಳ ಮಳಿಗೆಯಾದ ಗಾಲಾ ಒಂದರ ಮೇಲಂತಸ್ತಿನಲ್ಲಿ ನಮ್ಮ ಕಂಪನಿಯಿತ್ತು. ಕೆಳಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಯಂತ್ರ ಧಡ್ ಧಡ್ ಎಂದಾಗಲೆಲ್ಲ ಮೇಲೆ ನಮ್ಮ ಮೇಜುಗಳು ನಡುಗುತ್ತಿದ್ದವು. ಹತ್ತು ಹನ್ನೆರಡು ಜನ. ನಾನು ಸೇರುವಾಗಲೇ ಐವತ್ತು ದಾಟಿತ್ತು. ಎಲ್ಲರಿಗೂ ಅಂಕಲ್ ಆದೆ. ಪರೇಲಿನ ಒಂದು ಆಸ್ಪತ್ರೆಗೆ ಸ್ಕ್ಯಾನ್ ಚಿತ್ರಗಳನ್ನು ತೋರಿಸುವ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತ್ತು. ಅದರಲ್ಲಿ ಎರಡು ಭಾಗ. ಒಂದು ಕಾವಲುಗಾರ ಪ್ರೋಗ್ರಾಂ: ರೋಗಿಗಳ ಫೈಲುಗಳನ್ನು ತೆರೆಯುವ ಅಧಿಕಾರ ಅದಕ್ಕೊಂದಕ್ಕೇ. ಇನ್ನೊಂದು ಚಿತ್ರ ತೋರಿಸುವ ಪ್ರೋಗ್ರಾಂ: ಅದಕ್ಕೆ ತಾನಾಗಿ ಯಾವ ಫೈಲನ್ನೂ ತೆರೆಯುವ ಹಕ್ಕಿಲ್ಲ. ಡಾಕ್ಟರರು ಒಬ್ಬ ರೋಗಿಯ ಚಿತ್ರ ಕೇಳಿದಾಗ ಕಾವಲುಗಾರ ಫೈಲನ್ನು ತೆರೆದು, ತೆರೆದ ಸ್ಥಿತಿಯಲ್ಲಿಯೇ ಅದರ ಹಿಡಿಕೆಯನ್ನು, ಹ್ಯಾಂಡಲ್ ಎನ್ನುತ್ತಾರಲ್ಲ ಅದನ್ನು, ಎರಡನೆಯದರ ಕೈಗೆ ಕೊಡಬೇಕು. ಕೊಟ್ಟ ಮೇಲೆ ತನ್ನ ಕೈಯನ್ನು ಬಿಡಬೇಕು. ಯಾಕೆಂದರೆ ಒಂದು ಪ್ರೋಗ್ರಾಂ ಏಕಕಾಲಕ್ಕೆ ಹಿಡಿದುಕೊಳ್ಳಬಹುದಾದ ಫೈಲುಗಳಿಗೆ ಮಿತಿಯಿದೆ. ಈ ಕೈ ದಾಟಿಸುವ ಭಾಗವನ್ನು ಬರೆಯುವುದು ನನ್ನ ಪಾಲಿಗೆ ಬಂತು.

ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ಹ್ಯಾಂಡಲ್ ಎಂದರೆ ಬರಿಯ ಒಂದು ಸಂಖ್ಯೆ, ಮತ್ತು ಆ ಸಂಖ್ಯೆಗೆ ಆಯಾ ಪ್ರೋಗ್ರಾಮಿನ ಒಳಗೆ ಮಾತ್ರ ಅರ್ಥ. ಈ ಊರಿನ ಎಲ್ಲ ಚಾಳುಗಳಲ್ಲೂ, ಎಂದರೆ ಒಂಟಿ ಕೋಣೆಗಳ ವಠಾರಗಳಲ್ಲೂ, ಏಳನೆಯ ನಂಬರಿನ ಖೋಲಿ ಇರುತ್ತದೆ. ಒಂದು ಚಾಳಿನ ಏಳರಲ್ಲಿ ಇರುವವರು ಇನ್ನೊಂದು ಚಾಳಿನ ಏಳರಲ್ಲಿ ಇರುವುದಿಲ್ಲ. ಆದ್ದರಿಂದ ‘ಏಳು’ ಎಂದು ಹೇಳಿ ಕಳುಹಿಸಿದರೆ ಪ್ರಯೋಜನವಿಲ್ಲ. ಯಂತ್ರದ ಆಡಳಿತಗಾರನಾದ ಕರ್ನಲ್, ಪಡೆಯುವವನ ಪಟ್ಟಿಯಲ್ಲಿ ಅದೇ ಫೈಲಿಗೆ ಹೊಸ ನಮೂದನ್ನು ಮಾಡಿಕೊಡಬೇಕು. ಇದನ್ನು ಒಂದೊಂದು ಜಾತಿಯ ಯಂತ್ರ ಒಂದೊಂದು ರೀತಿ ಮಾಡುತ್ತದೆ. ಆಸ್ಪತ್ರೆಯಲ್ಲಿ ಮೂರು ಜಾತಿಯವು ಇದ್ದವು. ಡಾಕ್ಟರರ ಮೇಜುಗಳಲ್ಲಿ ವಿಂಡೋಸ್: ಅಲ್ಲಿ ಕೊಡುವವನು ಅನುಮತಿ ಪಡೆದು ಪಡೆಯುವವನ ಮನೆಯೊಳಗೇ ಹೋಗಿ ವಸ್ತುವನ್ನು ಇಟ್ಟು, ಇಂಥಲ್ಲಿ ಇಟ್ಟಿದ್ದೇನೆ ಎಂದು ಹೇಳಿ ಬರಬೇಕು. ಕೆಳಗಿನ ಕೋಣೆಯಲ್ಲಿ ಲಿನಕ್ಸ್: ಅಲ್ಲಿ ಇಬ್ಬರ ನಡುವಿನ ಕೊಳವೆಯಲ್ಲಿ ಹಾಕಿ ತಳ್ಳಿದರಾಯಿತು, ಪಡೆಯುವವನು ಬಂದು ತೆಗೆದುಕೊಳ್ಳುವ ತನಕ ಕರ್ನಲ್ ಅದನ್ನು ಹಿಡಿದಿರುತ್ತದೆ. ಮೂರನೆಯದು ಚಿತ್ರ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿದ್ದ ಬೆಳ್ಳಿ ಬಣ್ಣದ ದುಬಾರಿ ಯಂತ್ರ. ಅದರ ಹೆಸರು ಇಲ್ಲಿ ಬೇಡ. ಅದರದೂ ಕೊಳವೆಯ ಪದ್ಧತಿಯೇ. ತಳ್ಳಿದ ಮರುಕ್ಷಣ ಕೊಡುವವನು ತನ್ನ ಕೈ ಬಿಡಬಹುದೆಂದು ನನ್ನ ಪುಸ್ತಕದಲ್ಲಿತ್ತು. ನಾನು ಹಾಗೆಯೇ ಬರೆದೆ. ಬರೆದು ಹೆಮ್ಮೆಪಟ್ಟೆ.

ಬರೆದದ್ದನ್ನು ಪರೀಕ್ಷಿಸುವುದು ಆಕೆಯ ಕೆಲಸ. ಮೂವತ್ತರ ಆಸುಪಾಸಿನ, ಗಟ್ಟಿ ಎಲುಬಿನ ಹೆಂಗಸು. ತಂದೆ ತಾಯಿ ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿಯ ಕಡೆಯಿಂದ ಬಂದವರು. ಗೋರೆಗಾಂವಿನಿಂದ ದಹಿಸರಿನವರೆಗೆ ಏಳುತ್ತಿದ್ದ ಕಟ್ಟಡಗಳ ಅಡಿಯಲ್ಲಿಯೇ ಆಕೆ ಬೆಳೆದವಳು, ಮುನಿಸಿಪಾಲಿಟಿ ಶಾಲೆಯಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿ, ಸಂಸ್ಥೆಯೊಂದರಲ್ಲಿ ಆರು ತಿಂಗಳ ತರಬೇತಿ ಪಡೆದು ಬಂದಿದ್ದಳು. ಒಬ್ಬಳು ಪುಟ್ಟ ಮಗಳಿದ್ದಳು. ಆಫೀಸಿನವರು ಮರಾಠಿಯ ರೂಢಿಯಂತೆ ಆಕೆಯನ್ನು ತಾಈ ಎನ್ನುತ್ತಿದ್ದರು. ನನ್ನನ್ನು ಅಂಕಲ್ ಎನ್ನದೆ ‘ಕಾಕಾರ’ ಎಂದು ಕರೆಯುತ್ತಿದ್ದವಳು ಆಕೆ ಒಬ್ಬಳೇ. ನಾವಿಬ್ಬರೂ ಕನ್ನಡದವರೆಂದು ಗೊತ್ತಾದ ದಿನ, ನನ್ನ ಮಾತು ಕೇಳಿ, “ಇದ್ಯಾವ ಕನ್ನಡ್ರೀ, ಎಲ್ಲಾದಕ್ಕೂ ಉಂಟು ಉಂಟು ಅಂತೀರಿ” ಎಂದು ನಕ್ಕಿದ್ದಳು.

ಆಕೆಯ ಪರೀಕ್ಷೆಯ ರೀತಿ ಬೇರೆಯವರದರಂತೆ ಇರಲಿಲ್ಲ. ಉಳಿದವರು ಪ್ರೋಗ್ರಾಂ ಹೇಗೆ ಓಡಬೇಕೋ ಹಾಗೆ ಓಡಿಸಿ ನೋಡಿ ಸರಿಯೆನ್ನುತ್ತಿದ್ದರು. ಆಕೆ ಅದನ್ನು ಬೇಸರಗೊಳಿಸಿ, ಅವಸರಪಡಿಸಿ, ಬೇರೆ ಕೆಲಸದಲ್ಲಿ ತೊಡಗಿಸಿ, ಆಮೇಲೆ ಕೇಳಬೇಕಾದ್ದನ್ನು ಕೇಳುತ್ತಿದ್ದಳು. ಪ್ರತಿಯೊಂದು ಪ್ರಯತ್ನಕ್ಕೂ ತನ್ನ ಉದ್ದನೆಯ ಪುಸ್ತಕದಲ್ಲಿ ಒಂದು ಗೀಟು. ತಪ್ಪಿದರೆ ಗೀಟಿನ ಮೇಲೊಂದು ಅಡ್ಡಗೀಟು. ನಮ್ಮಲ್ಲಿದ್ದ ಒಬ್ಬ ತರುಣ ಪ್ರೋಗ್ರಾಮರ್ ಆಕೆಯ ಮೇಜಿನ ಪಕ್ಕ ಹಾದಾಗಲೆಲ್ಲ ಮರಾಠಿಯಲ್ಲಿ ಕೆಣಕುತ್ತಿದ್ದ. “ತಾಈ, ಆಜ್ ಕಿತೀ ಭುತಂ ಪಕಡ್ಲೀಸ್?” ಇಂದು ಎಷ್ಟು ಭೂತ ಹಿಡಿದೆ ಎಂದು. ಆಕೆ ತಲೆಯೆತ್ತದೆ, “ಏಕಚ್. ತುಝ್ಯಾ ಖುರ್ಚೀವರ್ ಬಸ್ಲಂಯ್” ಎಂದಿದ್ದಳು. ಒಂದೇ, ನಿನ್ನ ಕುರ್ಚಿಯ ಮೇಲೆ ಕೂತಿದೆ!

ಆಸ್ಪತ್ರೆಗೆ ಪ್ರೋಗ್ರಾಂ ಒಪ್ಪಿಸಲು ಎರಡು ವಾರವಿದ್ದಾಗ ಆಕೆ ನನ್ನ ಮೇಜಿಗೆ ಬಂದಳು. ಮೊದಲೆರಡು ಜಾತಿಯ ಯಂತ್ರಗಳಲ್ಲಿ ಏನೂ ತೊಂದರೆಯಿಲ್ಲ, ಮೂರನೆಯದರಲ್ಲಿ ಒಮ್ಮೊಮ್ಮೆ ಫೈಲು ದಾರಿಯಲ್ಲಿ ಕಳೆದುಹೋಗುತ್ತಿದೆ ಎಂದಳು. ಕೊಡುವವನು ಕೊಟ್ಟೆನೆನ್ನುತ್ತಾನೆ, ಪಡೆಯುವವನಿಗೆ ಸಂದೇಶ ಬರುತ್ತದೆ, ಆದರೆ ಹ್ಯಾಂಡಲ್ ಸತ್ತಿರುತ್ತದೆ. ಚಿತ್ರದ ಜಾಗದಲ್ಲಿ ಬೂದು ಬಣ್ಣದ ಚೌಕ. ಯಾವಾಗ ಹೀಗಾಗುತ್ತದೆ ಎಂದು ಕೇಳಿದೆ. ಪಡೆಯುವ ಪ್ರೋಗ್ರಾಂ ದೊಡ್ಡ ಸ್ಕ್ಯಾನ್ ಒಂದನ್ನು ಬಿಡಿಸುತ್ತ ಬೇರೆ ಕಡೆ ಗಮನವಿಟ್ಟಿದ್ದಾಗ ಎಂದಳು.

“ಹಾಗೆಲ್ಲ ಆಗ್ಲಿಕ್ಕೆ ಸಾಧ್ಯ ಇಲ್ಲ ಮಾರಾಯ್ತಿ,” ಎಂದೆ. “ಅವ ಎಷ್ಟು ಹೊತ್ತಿಗೆ ಬಂದು ತಕ್ಕೊಂಡ್ರೂ ಅಷ್ಟರವರೆಗೆ ಕರ್ನಲ್ ಹಿಡ್ಕೊಂಡಿರ್ತದೆ.”

ಆಕೆ ಎದುರಿನ ಸ್ಟೂಲನ್ನು ಎಳೆದು ಕೂತಳು. “ಕಾಕಾರ, ನಮ್ಮವ್ವ ಘಮೇಲಾ ದಾಟಸೂದು ನೋಡಿ ಬೆಳದಾಕಿ ನಾನು. ಮ್ಯಾಲಿನಾಕಿ ಹೂಂ ಅನ್ನೂತನಕಾ ಕೆಳಗಿನಾಕಿ ಕೈ ಬಿಡಂಗಿಲ್ರಿ. ಮ್ಯಾಲಿನಾಕಿ ಗೌಂಡಿ ಜೋಡಿ ಮಾತಾಡಾಕತ್ತಿರತಾಳ, ಈಕಡೆ ನೋಡಿರಂಗಿಲ್ಲ. ಕೊಟ್ಟೆ ಅಂತ ಇಕಿ ಬಿಟ್ಲಂದ್ರ, ಘಮೇಲಾ ನಡುವ ಇರತೈತಿ. ನಡುವ ಅನ್ನೂದು ಒಂದ್ ಜಾಗಾ ಅಲ್ರಿ.”

“ಇಲ್ಲಿ ನಡುವೆ ಕರ್ನಲ್ ಉಂಟಲ್ಲ.”

“ಅದು ಹಿಡಕೊಂಡಿದ್ದು ನೀವು ನೋಡೀರೇನು?”

“ಪುಸ್ತಕದಲ್ಲಿ ಉಂಟು.”

“ಪುಸ್ತಕಾ ಬರದಾವ ಈ ಮಶೀನಿನ ಮುಂದ ಕುಂತಿದ್ನೇನ್ರಿ?”

ಈ ಪ್ರಶ್ನೆಯನ್ನು ನಾನು ಜೀವನವಿಡೀ ಬೇರೆಯವರಿಗೆ ಕೇಳಿಕೊಂಡು ಬಂದವನು. ಶಾಸ್ತ್ರ ಹೇಳಿದವರಿಗೆ, ಇತಿಹಾಸ ಹೇಳಿದವರಿಗೆ, ಹೋಟೆಲಿನ ಮಾಲೀಕರಿಗೆ, ಎಲ್ಲರಿಗೂ ಕೇಳಿದ್ದೆ. ನನಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಉತ್ತರ ಕೊಡುವ ಬದಲು ಪುಸ್ತಕವನ್ನು ತೆರೆದು, ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದ ವಾಕ್ಯವನ್ನು ಆಕೆಯ ಮುಂದೆ ಹಿಡಿದೆ. ಆಕೆ ಓದಿದಳು. “ಬರೋಬ್ಬರಿ ಬರದಾನ,” ಎಂದಳು. “ಈ ಮಶೀನಿಗೆ ಗೊತ್ತಿಲ್ಲ, ಅಷ್ಟ.” ತನ್ನ ಗೀಟುಗಳ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದಳು. ನಾನು ಅದನ್ನು ತೆರೆಯಲಿಲ್ಲ. ಸಂಜೆ ಬಂದು ಹಾಗೆಯೇ ತೆಗೆದುಕೊಂಡು ಹೋದಳು.

ಎರಡು ದಿನದ ಮೇಲೆ ಮಾಲೀಕ ನಮ್ಮಿಬ್ಬರನ್ನೂ ಕ್ಯಾಬಿನಿಗೆ ಕರೆದ. ಮೂರನೆಯ ಯಂತ್ರದ ಭಾಗ ಸರಿಯಾಗುವ ತನಕ ಆಸ್ಪತ್ರೆಗೆ ಕೊಡಬಾರದೆಂದು ಆಕೆ ಬರವಣಿಗೆಯಲ್ಲಿ ಕೊಟ್ಟಿದ್ದಳು. ಹಾಗೆ ಬರೆದುಕೊಡುವ ಅಧಿಕಾರ ಆಕೆಗೆ ಇತ್ತು. ಅದನ್ನು ಬಳಸಿದವರು ಮಾತ್ರ ಅದುವರೆಗೆ ಯಾರೂ ಇರಲಿಲ್ಲ. ಮಾಲೀಕ ಸಿಟ್ಟಿನಲ್ಲಿದ್ದ. ಈಗಲೇ ತನ್ನೆದುರು ತೋರಿಸು ಎಂದ. ಪರೀಕ್ಷೆಗೆಂದು ತಂದು ಕ್ಯಾಬಿನಿನಲ್ಲಿಟ್ಟಿದ್ದ ಮೂರನೆಯ ಜಾತಿಯ ಯಂತ್ರದ ಮುಂದೆ ಆಕೆ ಕೂತು, ಮೊದಲು ಒಂದು ದೊಡ್ಡ ಸ್ಕ್ಯಾನ್ ತೆರೆಯಲು ಹೋದಳು. ಆತ ತಡೆದ. “ನಾಟಕ್ ನಹೀ ತಾಈ. ಡಾಕ್ಟರ್ ಜೈಸಾ ಕರೇಗಾ, ವೈಸಾ ಕರೋ.” ಡಾಕ್ಟರು ಮಾಡುವ ಹಾಗೆಯೇ ಮಾಡಬೇಕಂತೆ! ಡಾಕ್ಟರು ಏನು ಮಾಡುತ್ತಾರೆಂದು ಆತ ಯಾವತ್ತು ನೋಡಿದ್ದನೋ ನನಗೆ ತಿಳಿಯದು. ಆಕೆ ಸಣ್ಣ ಸಣ್ಣ ಚಿತ್ರಗಳನ್ನು ಒಂದರ ಹಿಂದೆ ಒಂದು ತೆರೆದಳು. ಹದಿನೈದೋ ಇಪ್ಪತ್ತೋ. ಎಲ್ಲವೂ ಚೊಕ್ಕವಾಗಿ ಬಂದವು. ಕೆಳಗೆ ಪ್ಲಾಸ್ಟಿಕ್ ಯಂತ್ರ ಧಡ್ ಧಡ್ ಎನ್ನುತ್ತಿತ್ತು.

ಮಾಲೀಕ ನನ್ನ ಕಡೆ ತಿರುಗಿದ. “ಅಂಕಲ್, ಕಿತಾಬ್ ಆಪ್ ನೇ ಪಢೀ ಹೈ. ಯೇ ಬೋಲ್ತೀ ಹೈ ಫೈಲ್ ಬೀಚ್ ಮೇ ಗಾಯಬ್ ಹೋತೀ ಹೈ. ಹೋ ಸಕ್ತಾ ಹೈ?” ಪುಸ್ತಕ ಓದಿದವರು ನೀವು, ಫೈಲು ನಡುವೆ ಮಾಯವಾಗಲು ಸಾಧ್ಯವೇ ಎಂದು.

“ನಹೀ ಹೋ ಸಕ್ತಾ,” ಎಂದೆ. ಸಾಧ್ಯವಿಲ್ಲ.

ಆಕೆ ನನ್ನತ್ತ ನೋಡಿದಳು. ನಾನಾದರೂ ನನಗೆ ತಿಳಿಯದು ಎನ್ನಬಹುದಿತ್ತು, ನೋಡಿ ಹೇಳುತ್ತೇನೆ ಎನ್ನಬಹುದಿತ್ತು, ದೊಡ್ಡ ಸ್ಕ್ಯಾನ್ ತೆರೆಯಲು ಬಿಡಿ ಎನ್ನಬಹುದಿತ್ತು. ಇವೆಲ್ಲ ಈಗ ಹೊಳೆಯುವ ವಾಕ್ಯಗಳು... ಮಾಲೀಕ ಆಕೆಯ ಗೀಟಿನ ಪುಸ್ತಕವನ್ನು ಎತ್ತಿ ಹಿಡಿದು, ಹಾಗಾದರೆ ಈ ಅಡ್ಡಗೀಟುಗಳೆಲ್ಲ ಖೋಟಾ ಎಂದಾಯಿತು ಎಂದ. ತಿಂಗಳ ಕೊನೆಗೆ ಆಕೆಯನ್ನು ಕೆಲಸದಿಂದ ತೆಗೆದ. ಅಷ್ಟೇ ಆಗಿದ್ದರೆ ಆಕೆ ಬೇರೆ ಕಡೆ ಸೇರಿಕೊಳ್ಳುತ್ತಿದ್ದಳೇನೋ. ಆತ ಅನುಭವದ ಪತ್ರವನ್ನೂ ಕೊಡಲಿಲ್ಲ. ಈ ವೃತ್ತಿಯಲ್ಲಿ ಹಿಂದಿನ ಕಂಪನಿಯ ಪತ್ರವಿಲ್ಲದೆ ಮುಂದಿನ ಕಂಪನಿಯ ಬಾಗಿಲು ತೆರೆಯುವುದಿಲ್ಲ; ಪರೀಕ್ಷಕಿಯ ಬಗ್ಗೆ ‘ಸುಳ್ಳು ದೋಷ ಬರೆದವಳು’ ಎಂಬ ಮಾತು ಹರಡಿದರಂತೂ ಮುಗಿಯಿತು.

ಒಂದು ತಿಂಗಳ ಮೇಲೆ ಜೋಗೇಶ್ವರಿ ಸ್ಟೇಷನ್ನಿನ ಸೇತುವೆಯ ಮೇಲೆ ಆಕೆ ನನಗಾಗಿ ಕಾದು ನಿಂತಿದ್ದಳು. ಮೂರು ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದಳಂತೆ. ಮೂರೂ ಕಡೆ ಪತ್ರ ಕೇಳಿದ್ದರಂತೆ.

“ಕಾಕಾರ, ಮಾಲಕರ ಪತ್ರಾ ಬ್ಯಾಡ್ರಿ. ನೀವು ಒಂದು ಕಾಗದಾ ಬರದು ಕೊಡ್ರಿ. ಈಕಿ ಖೋಟಾ ಬರಿಯಾಕಿ ಅಲ್ಲ ಅಂತ. ಅಷ್ಟ ಸಾಕು.”

ಜನ ನಮ್ಮ ಎರಡೂ ಪಕ್ಕದಿಂದ ನುಗ್ಗಿ ಹೋಗುತ್ತಿದ್ದರು. ಫಾಸ್ಟ್ ಲೋಕಲ್ ಒಂದು ಕೆಳಗೆ ನಿಲ್ಲದೆ ಓಡಿತು. ನಾನು ಹೇಳಿದ್ದು ಇಷ್ಟು: ನಾನು ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕುವವನಲ್ಲ. ಆ ವಾಕ್ಯವನ್ನು ಬಹಳ ಗೌರವದಿಂದ ಹೇಳಿದೆನೆಂಬುದು ಈಗ ಹೆಚ್ಚು ಕಿರಿಕಿರಿಯುಂಟುಮಾಡುತ್ತದೆ. ಕ್ಯಾಬಿನಿನಲ್ಲಿ ‘ಸಾಧ್ಯವಿಲ್ಲ’ ಎಂದಾಗಲೂ ನಾನು ಕಣ್ಣಾರೆ ನೋಡಿರಲಿಲ್ಲವಲ್ಲ! ಆಕೆಗೆ ಅದು ಹೊಳೆದಿರಲೇಬೇಕು. ಆದರೂ ಎತ್ತಿ ಆಡಲಿಲ್ಲ. “ಹಂಗಾದ್ರ ನೋಡ್ರಿ ಕಾಕಾರ. ನೋಡಿದ ಮ್ಯಾಲ ಕೊಡ್ರಿ,” ಎಂದು ಚರ್ಚ್‌ಗೇಟ್ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿದುಹೋದಳು. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ.

ಪ್ರೋಗ್ರಾಂ ಆಸ್ಪತ್ರೆಗೆ ಹೋಯಿತು. ಆರು ವಾರ ಕಳೆದಿರಬೇಕು, ಮುಖ್ಯಸ್ಥರ ಕೋಣೆಯಿಂದ ದೂರು ಬಂತು: ಒಮ್ಮೊಮ್ಮೆ ಚಿತ್ರದ ಬದಲು ಬೂದು ಚೌಕ. ನಾನು ಪರೇಲಿಗೆ ಹೋಗಿ ಇಡೀ ದಿನ ಕೂತೆ. ಕೂತಷ್ಟು ಹೊತ್ತು ಆ ಯಂತ್ರ ಒಮ್ಮೆಯೂ ತಪ್ಪಲಿಲ್ಲ. ಎದ್ದು ಲಿಫ್ಟಿನ ಬಳಿ ಬಂದಾಗ ಒಳಗಿನಿಂದ ಮತ್ತೆ ಕರೆದರು, ಮತ್ತೆ ಬೂದು ಚೌಕ. ಇಂಥ ಯಂತ್ರದೊಡನೆ ಜಗಳವಾಡಿದವರಿಗೆ ಮಾತ್ರ ಆ ಹತಾಶೆ ಗೊತ್ತು. ತಪ್ಪು ಮಾಡುವವನು ಎದುರಿಗೇ ಇದ್ದಾನೆ, ಕೈಗೆ ಸಿಗುವುದಿಲ್ಲ. ಕೊನೆಗೆ ನಾನು ಒಂದು ಸಾಲು ಸೇರಿಸಿದೆ. ಕೊಟ್ಟ ಮೇಲೆ ಕೈ ಬಿಡುವ ಮುನ್ನ ಅರ್ಧ ಸೆಕೆಂಡು ಸುಮ್ಮನೆ ನಿಲ್ಲು ಎಂದು. ದೂರುಗಳು ನಿಂತವು. ಅರ್ಧ ಸೆಕೆಂಡು ಯಾಕೆ, ಕಾಲು ಯಾಕಲ್ಲ, ಒಂದು ಯಾಕಲ್ಲ, ಎಲ್ಲ ಬರಿಯ ಅಂದಾಜು. ಯಾರೂ ಕೇಳಲಿಲ್ಲ. ಅಂಕಲ್ ಕಾಪಾಡಿದರೆಂಬ ಕಥೆ ಹುಟ್ಟಿದ್ದು ಅಲ್ಲಿ. ನಿಲ್ಲಿಸಿದ್ದರಿಂದ ಸರಿಯಾಯಿತೆಂದರೆ ಬಿಡುವ ಹೊತ್ತಿನಲ್ಲಿಯೇ ದೋಷವಿತ್ತೆಂದು ಅರ್ಥ, ಎಂದರೆ ಆಕೆ ಹೇಳಿದ್ದು ನಿಜ. ಅಷ್ಟು ನೇರವಾದ ಎರಡು ಹೆಜ್ಜೆಗಳನ್ನು ನನ್ನ ಬುದ್ಧಿ ಇಡಲಿಲ್ಲ. ಅಥವಾ ಇಡಲು ನಾನು ಬಿಡಲಿಲ್ಲ... ಈ ಎರಡರಲ್ಲಿ ಯಾವುದೆಂದು ಖಚಿತವಾಗಿ ಹೇಳಲಾರೆ.

ಊಟದ ಕೂಟದಿಂದ ಬಂದ ಮೇಲೆ ಆ ಕಥೆ ನನ್ನನ್ನು ಬಿಡಲಿಲ್ಲ. ಈಗ ಬಹಳ ಜನ ಬಳಸುವ ಪ್ರೋಗ್ರಾಂ ಭಾಷೆಗಳ ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು. ನಿವೃತ್ತನಾದ ನನಗೆ ಅದೇ ಹೊತ್ತು ಕಳೆಯುವ ಓದು. ಅಂಥ ಒಂದು ಭಾಷೆಯಲ್ಲಿ, ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ತೆರೆದ ಫೈಲನ್ನು ದಾಟಿಸುವ ಭಾಗವನ್ನು ಹುಡುಕಿದೆ. ಸಣ್ಣ ಭಾಗ, ಒಂದು ಪುಟವೂ ಇಲ್ಲ. ಅಲ್ಲಿ ಒಂದು ಷರತ್ತು ಇತ್ತು. ಯಂತ್ರ ಆ ಮೂರನೆಯ ಜಾತಿಯದಾಗಿದ್ದರೆ ಮಾತ್ರ, ಪಡೆದವನು ಒಂದು ಅಕ್ಷರವನ್ನು ಹಿಂದಕ್ಕೆ ಕಳುಹಿಸಬೇಕು. ಅದು ಬಂದು ಮುಟ್ಟುವ ತನಕ ಕೊಟ್ಟವನು ಕಾಯಬೇಕು. ಉಳಿದ ಯಂತ್ರಗಳಿಗೆ ಈ ಷರತ್ತಿಲ್ಲ. ಪಕ್ಕದಲ್ಲಿ ಟಿಪ್ಪಣಿ, ಯಾರದೋ ಹಳೆಯ ದೂರಿನ ಸಂಖ್ಯೆ. ಎಷ್ಟು ಹೊತ್ತು ಆ ಪರದೆಯನ್ನೇ ನೋಡುತ್ತ ಕೂತಿದ್ದೆನೋ ತಿಳಿಯದು. ಅರ್ಧ ಸೆಕೆಂಡು ಅಲ್ಲ, ಕಾಲು ಸೆಕೆಂಡೂ ಅಲ್ಲ. ಮೇಲಿನವಳು ಹೂಂ ಎನ್ನುವ ತನಕ.

ಬರೆದದ್ದನ್ನು ನಂಬಿ ಒಮ್ಮೆ ಕೆಟ್ಟವನು ಎರಡನೆಯ ಬಾರಿಯೂ ಬರೆದದ್ದನ್ನೇ ನಂಬಬಾರದಲ್ಲ. ಅಂದಿನ ಕಾಲದ ಅದೇ ಜಾತಿಯ ಹಳೆಯ ಯಂತ್ರವೊಂದನ್ನು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಲೆದು ತಂದೆ. ನನ್ನ ಹಳೆಯ ಪ್ರೋಗ್ರಾಮನ್ನು ಅರ್ಧ ಸೆಕೆಂಡಿನ ಸಾಲಿಲ್ಲದೆ ಓಡಿಸಿದೆ. ಸಣ್ಣ ಚಿತ್ರಗಳೊಡನೆ ಬೆಳಿಗ್ಗೆಯಿಡೀ ತಪ್ಪಲಿಲ್ಲ. ಆಮೇಲೆ ಆಕೆಯ ಹಾಗೆ, ಪಡೆಯುವವನನ್ನು ದೊಡ್ಡ ಸ್ಕ್ಯಾನಿನಲ್ಲಿ ತೊಡಗಿಸಿ, ಆ ಹೊತ್ತಿನಲ್ಲಿ ಕೊಟ್ಟು ಕೈಬಿಟ್ಟೆ. ಊಟದ ಹೊತ್ತಿಗೆ ಮೂರು ಸಲ ಬೂದು ಚೌಕ. ಒಂದು ಅಕ್ಷರಕ್ಕೆ ಕಾಯುವ ಸಾಲನ್ನು ಸೇರಿಸಿದೆ. ಮರುದಿನ ಸಂಜೆಯವರೆಗೆ ಓಡಿಸಿದರೂ ಒಂದೂ ತಪ್ಪಲಿಲ್ಲ. ಪ್ರತಿಯೊಂದಕ್ಕೂ ಗೀಟು ಹಾಕಿದ್ದೇನೆ; ಯಾರು ಬೇಕಾದರೂ ಬಂದು ನೋಡಬಹುದು.

ಮಾಲೀಕನಿಗೆ ಫೋನು ಮಾಡಿ, ಆ ಅನುಭವದ ಪತ್ರವನ್ನು ಈಗಲಾದರೂ ಬರೆದುಕೊಡಬೇಕೆಂದೆ. ಆತ ನಕ್ಕ. “ಅರೆ ಅಂಕಲ್, ಕಂಪನಿ ನಹೀ ರಹೀ, ಲೆಟರ್‌ಹೆಡ್ ಕಬಾಡೀವಾಲಾ ಲೇ ಗಯಾ. ಅಬ್ ಕಿಸ್ಕೋ ಚಾಹಿಯೇ?” ಕಂಪನಿಯೇ ಇಲ್ಲ, ಲೆಟರ್‌ಹೆಡ್ಡನ್ನು ಗುಜರಿಯವನು ಒಯ್ದ, ಈಗ ಯಾರಿಗೆ ಬೇಕು! ಪರೀಕ್ಷೆಯ ವಿವರ ಹೇಳಲು ಹೋದೆ. ಡ್ರೈವ್ ಮಾಡುತ್ತಿದ್ದೇನೆಂದು ಕಡಿದ. ಮುಂದಿನ ಊಟದ ಕೂಟದಲ್ಲಿ ಆತ ಅದೇ ಕಥೆಯನ್ನು ಹೇಳುತ್ತಾನೆ, ನನಗೆ ಸಂಶಯವಿಲ್ಲ.

ಆಕೆಯ ಹಳೆಯ ನಂಬರು ಬೇರೆ ಯಾರದೋ ಆಗಿತ್ತು. ಭೂತದ ಹೆಸರಿನಲ್ಲಿ ಕೆಣಕುತ್ತಿದ್ದ ಆ ಪ್ರೋಗ್ರಾಮರ್, ಈಗ ಅವನೂ ನಡುವಯಸ್ಸಿನವನು, ಹತ್ತಾರು ಕಡೆ ಕೇಳಿ ಒಂದು ನಂಬರು ಕೊಟ್ಟ. ಎತ್ತಿದವಳು ಎಳೆಯ ದನಿಯ ಹುಡುಗಿ. ಕನ್ನಡದಲ್ಲಿ ಮಾತಾಡಿದೆ. ಆಕೆಗೆ ಅರ್ಥವಾಗುತ್ತಿತ್ತು, ಆಡುವಾಗ ತಡವರಿಸುತ್ತಿದ್ದಳು.

“ಮಮ್ಮಿ... ಅಬ್ ನಹೀ ಹೈ ಅಂಕಲ್. ಎರಡ್ ವರ್ಷ ಆಯ್ತು. ಆಪ್ ಕೌನ್?”

ತಾಯಿ ತೀರಿಕೊಂಡಿದ್ದಳು. ನೀವು ಯಾರು ಎಂದದ್ದಕ್ಕೆ, ಜೋಗೇಶ್ವರಿಯ ಆಫೀಸು ಎಂದೆ. ಆ ಕಡೆ ಎಲ್ಲಿಯೋ ಕುಕ್ಕರು ಕೂಗಿತು.

“ಕಿತಾಬ್‌ವಾಲೇ ಕಾಕಾ?”

ಪುಸ್ತಕದ ಕಾಕಾ ನಾನೇ ಎಂದೆ. ಆಕೆ ಹೇಳಿದ್ದನ್ನು ಕೂಡಿಸಿ ಹೇಳುವುದಾದರೆ ಇಷ್ಟು: ಪರೀಕ್ಷಕಿಯ ಕೆಲಸ ತಾಯಿಗೆ ಮತ್ತೆ ಸಿಗಲಿಲ್ಲ. ಕೊರಿಯರ್ ಕಂಪನಿಯೊಂದರಲ್ಲಿ ವಿಳಾಸ ಟೈಪು ಮಾಡುವ ಕೆಲಸದಲ್ಲಿ ಉಳಿದ ವರ್ಷಗಳು ಕಳೆದವು. ಮನೆಯಲ್ಲಿ ಆ ಮೂರನೆಯ ಯಂತ್ರದ ವಿಷಯ ಆಗಾಗ ಬರುತ್ತಿತ್ತು. ಮಾವಂದಿರು, ಚಿಕ್ಕಮ್ಮಂದಿರು, ಅದನ್ನು ಬಿಟ್ಟುಬಿಡು, ಇಷ್ಟು ಜನ ಇಲ್ಲವೆಂದರೆ ಇಲ್ಲ ಎನ್ನುತ್ತಿದ್ದರಂತೆ.

“ಮಮ್ಮಿ ಬೋಲ್ತೀ ಥೀ, ಕಾಕಾ ಒಂದಿನಾ ಖುದ್ ಚೆಕ್ ಮಾಡ್ತಾರ. ವೋ ಐಸೇ ಹೀ ಹೈ, ಲೇಟ್ ಮಾಡ್ತಾರ, ಲೇಕಿನ್ ಮಾಡ್ತಾರ.” ಕಾಕಾ ಒಂದು ದಿನ ತಾವೇ ನೋಡುತ್ತಾರೆ, ತಡವಾದರೂ ನೋಡುತ್ತಾರೆ ಎನ್ನುತ್ತಿದ್ದಳಂತೆ. ಆಮೇಲೆ ಕೇಳಿದಳು, “ಚೆಕ್ ಕಿಯಾ?”

“ಮಾಡಿದೆ ಮಗಾ.”

“ತೋ... ಮಮ್ಮಿ ಸಹೀ ಥೀ?”

“ಸರಿ ಇದ್ದಳು. ಪೂರಾ ಸರಿ ಇದ್ದಳು.”

“ಕಬ್ ಕಿಯಾ?”

ಈ ತಿಂಗಳು ಎಂದೆ. ಆಕೆ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಒಂದು ಪತ್ರ ಬರೆದಿಟ್ಟಿದ್ದೇನೆ, ಕಳುಹಿಸಬಹುದೇ ಎಂದು ಕೇಳಿದೆ. ಅದರಲ್ಲಿ ಕಂಪನಿಯ ಹೆಸರಿದೆಯೇ ಎಂದಳು. ಇಲ್ಲ, ನನ್ನ ಸಹಿ ಮಾತ್ರ ಎಂದೆ. “ಕನ್ನಡಾ ಮೇ ಹೈ ತೋ ನಂಗೆ ಓದಕ್ಕೆ ಬರಲ್ಲ ಕಾಕಾ,” ಎಂದಳು. ಇಂಗ್ಲಿಷಿನಲ್ಲಿ ಬರೆಯುತ್ತೇನೆಂದೆ. ಅಡ್ರೆಸ್ ಮೆಸೇಜ್ ಮಾಡುತ್ತೇನೆಂದು ಮೃದುವಾಗಿಯೇ ಹೇಳಿ ಫೋನಿಟ್ಟಳು.

ಅಡ್ರೆಸ್ ಇನ್ನೂ ಬಂದಿಲ್ಲ. ನೆನಪಿಸಲು ಮತ್ತೆ ಫೋನು ಮಾಡುವ ಹಕ್ಕು ನನಗಿದೆಯೆಂದು ಅನ್ನಿಸುವುದಿಲ್ಲ. ಇಂಗ್ಲಿಷ್ ಪತ್ರ ಮೇಜಿನ ಮೇಲಿದೆ. ಅದರಲ್ಲಿ ಪರೀಕ್ಷಕಿಯ ಪೂರ್ಣ ಹೆಸರಿದೆ; ಇಲ್ಲಿ ಅಚ್ಚು ಹಾಕಿಸಲು ಆಕೆಯ ಒಪ್ಪಿಗೆ ಕೇಳುವಂತಿಲ್ಲವಾದ್ದರಿಂದ ಬಿಟ್ಟಿದ್ದೇನೆ. ಕನ್ನಡದಲ್ಲಿ ಅದು ಹೀಗಿದೆ:

‘ಜೋಗೇಶ್ವರಿಯ ಕಚೇರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಈ ಪರೀಕ್ಷಕಿ, ಮೂರನೆಯ ಜಾತಿಯ ಯಂತ್ರದಲ್ಲಿ ತೆರೆದ ಫೈಲು ಕೈ ದಾಟುವಾಗ ಕಳೆದುಹೋಗುತ್ತದೆಂದು ಬರೆದುಕೊಟ್ಟದ್ದು ನಿಜ. ಆಕೆಯ ಪುಸ್ತಕದ ಒಂದು ಗೀಟೂ ಖೋಟಾ ಅಲ್ಲ. ದೋಷ ಯಾವಾಗ ಕಾಣಿಸುತ್ತದೆ, ಅದಕ್ಕೆ ಪರಿಹಾರವೇನು ಎಂಬ ಎರಡನ್ನೂ ಆಕೆ ನನಗೆ ಅಂದೇ ಹೇಳಿದ್ದಳು. ಸಾಧ್ಯವಿಲ್ಲ ಎಂದವನು ನಾನು. ಪರೀಕ್ಷಿಸದೆ ಹೇಳಿದೆ.’